ಗೇಟಿನ ಮೇಸ್ತ್ರಿ ಕಟ್ಟಿದ ಸೈಕಲ್ಲು

ಅವತ್ತು ಬೆಳಗ್ಗೆ ಅರಸೀಕೆರೆಯ ನಮ್ಮ ಕೊಬ್ಬರಿ ಅಂಗಡಿಯ ಮುಂದೆ ನಿಂತಿದ್ದವರು ಮೂರು ಜನ. ಒಬ್ಬ ನಾನು. ತಲೆಗೆ ಮಫ್ಲರು, ಅದರ ಮೇಲೆ ಹೆಲ್ಮೆಟ್ಟು, ಐವತ್ನಾಲ್ಕು ವರ್ಷ ಪಂಚೆಯೊಳಗೆ ಸುಖವಾಗಿದ್ದ ಕಾಲುಗಳಿಗೆ ಮೊಟ್ಟಮೊದಲ ಸಲ ಮೊಣಕಾಲಿನ ತನಕದ ಬಿಗಿ ಚಡ್ಡಿ. ಇನ್ನೊಬ್ಬಳು ನನ್ನ ಹೆಂಡತಿ. ಬೀದಿಯವರು ಎದ್ದು ಆ ಚಡ್ಡಿಯನ್ನು ನೋಡುವ ಮೊದಲು ನಾನು ಊರು ದಾಟಿದರೆ ಸಾಕೆಂದು ಶಾಲು ಹೊದ್ದು ಕಾಯುತ್ತಿದ್ದಳು. ಮೂರನೆಯವರು ಮೇಸ್ತ್ರಿ. ನಮ್ಮ ಬಡಾವಣೆಯ ಅರ್ಧ ಮನೆಗಳ ಗೇಟು, ಕಿಟಕಿಯ ಗ್ರಿಲ್ಲು ಅವರ ಕೈಯವೇ. ಗಂಡಸಿ ಕಡೆಯವರು, ಅರವತ್ತು ದಾಟಿದವರು, ಮಾತು ಕಡಿಮೆ. ನಮ್ಮ ಮೂವರ ನಡುವೆ ಹೊಂಬಾಳೆ ಬಣ್ಣದ ಒಂದು ಸೈಕಲ್ಲು, ಬಗ್ಗಿದ ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿಸಿಕೊಂಡು, ಮದುಮಗನ ಹಾಗೆ ಗೋಡೆಗೆ ಒರಗಿತ್ತು. ಅದರ ಉಕ್ಕಿನ ಫ್ರೇಮನ್ನು ಒಂದೊಂದೇ ಕೊಳವೆ ಬೆಸೆದು ಕಟ್ಟಿದವರು ಮೇಸ್ತ್ರಿ. ಅವರು ಜನ್ಮದಲ್ಲಿ ಕಟ್ಟಿದ ಮೊದಲನೇ ಸೈಕಲ್ಲು ಅದು.

"ಹೊರಡಿ ಸಾವ್ಕಾರ್ರೆ, ಬಿಸ್ಲೇರಿದ್ರೆ ಕಷ್ಟ" ಎಂದರು ಮೇಸ್ತ್ರಿ.

"ಬಿದ್ರೆ ಫೋನ್ ಮಾಡ್ರಿ" ಎಂದಳು ಹೆಂಡತಿ.

"ಹೊರಡೋ ಹೊತ್ತಲ್ಲಿ ಬೀಳೋ ಮಾತ್ಯಾಕೆ?"

"ಸರಿ. ಬೀಳದಿದ್ರೂ ಮಾಡಿ."

ನಾನು ಹೊರಟಿದ್ದು ಬೇಲೂರಿಗೆ, ಅಕ್ಕನ ಮನೆಗೆ. ಜಾವಗಲ್ಲು, ಹಳೇಬೀಡಿನ ಮೇಲೆ ಹೋದರೆ ಅರವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿ ನಮ್ಮ ಭಾವ ಭೂತಗನ್ನಡಿ ಒರೆಸಿಟ್ಟುಕೊಂಡು ಕಾಯುತ್ತಿದ್ದರು. ಫ್ರೇಮು ಎಲ್ಲೂ ಬಿರಿಯದೆ, ಬಾಗದೆ ಬೇಲೂರು ಮುಟ್ಟಿದರೆ ಅಂಥದ್ದೇ ಇನ್ನೊಂದನ್ನು ಮೇಸ್ತ್ರಿಯ ಕೈಯಲ್ಲಿ ಕಟ್ಟಿಸುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ನನಗೇನು, ನನ್ನ ಸೈಕಲ್ಲು ನನಗೆ ಸಿಕ್ಕಾಗಿತ್ತು. ಆ ಇನ್ನೊಂದು ಬೇಕಾಗಿದ್ದದ್ದು ಮೇಸ್ತ್ರಿಗೆ. ಹಿಂದಿನ ವಾರ ಬಣ್ಣ ಒಣಗುವುದನ್ನು ನೋಡುತ್ತಾ ಕೂತಿದ್ದಾಗ ಅವರೇ ಹೇಳಿದ್ದರು: "ಒಂದು ಕಟ್ಟಿದ್ರೆ ಹುಚ್ಚು ಅಂತಾರೆ ಸಾವ್ಕಾರ್ರೆ. ಎರಡು ಕಟ್ಟಿದ್ರೆ ಕಸುಬು ಅಂತಾರೆ."

ಇಷ್ಟಕ್ಕೂ ಈ ಹುಚ್ಚು ನನಗೆ ಅಂಟಿದ್ದು ಭಾವನಿಂದಲೇ. ಅವರು ಬ್ಯಾಂಕಿನ ಕೆಲಸ ಮುಗಿಸಿ ಮನೆಯಲ್ಲಿ ಕೂತ ಮೇಲೆ, ಡಾಕ್ಟರು ಮೈ ಬೆವರಿಸಿ ಎಂದರಂತೆ. ಬೇರೆಯವರಾಗಿದ್ದರೆ ಬೆಳಗ್ಗೆ ಎದ್ದು ಚೆನ್ನಕೇಶವನ ದೇವಸ್ಥಾನಕ್ಕೆ ಎರಡು ಸುತ್ತು ಹಾಕಿ ಬರುತ್ತಿದ್ದರು. ಭಾವ ಬೆಂಗಳೂರಿಗೆ ಹೋಗಿ ಕಾರ್ಬನ್ನಿನ ರೇಸ್ ಸೈಕಲ್ಲು ತಂದರು. ನಾವು ಹಬ್ಬಕ್ಕೆ ಹೋದಾಗ ಅದನ್ನು ನಡುಮನೆಯಲ್ಲಿ ನಿಲ್ಲಿಸಿ, ಎರಡೇ ಬೆರಳಲ್ಲಿ ಎತ್ತಿ ತೋರಿಸಿದರು.

"ನೀನೂ ಎತ್ತಿ ನೋಡಯ್ಯ."

ಎತ್ತಿದೆ. ಸುಳ್ಳು ಯಾಕೆ ಹೇಳಲಿ, ಕೊಬ್ಬರಿ ಗಿಟುಕು ತೆಗೆದ ಚಿಪ್ಪಿನಷ್ಟು ಹಗುರ. ಆದರೆ ನನಗೊಂದು ಕೆಟ್ಟ ಚಟ. ನಮ್ಮದು ಉಂಡೆ ಕೊಬ್ಬರಿಯ ವ್ಯಾಪಾರ. ಕಾಯಿಯನ್ನು ವರ್ಷದ ಹತ್ತಿರ ಅಟ್ಟದಲ್ಲಿ ಒಣಗಲು ಬಿಟ್ಟು, ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉರುಳಿದ ಸದ್ದು ಬಂದರೆ ಮಾತ್ರ ಒಡೆಯುವುದು. ಹಾಗಾಗಿ ಯಾವ ಸಾಮಾನು ಕೈಗೆ ಬಂದರೂ ಮೊದಲು ಬಡಿದು ಕೇಳುತ್ತೇನೆ. ಭಾವನ ಸೈಕಲ್ಲಿನ ಬಾರನ್ನೂ ಉಗುರಲ್ಲಿ ಬಡಿದೆ. 'ಬೊದ್' ಎಂದಿತು. ಕೊಳೆತ ಕಾಯಿಯ ಸದ್ದು.

"ಏನಯ್ಯ ಅದು, ಅಷ್ಟು ದುಡ್ಡು ಕೊಟ್ಟು ತಂದದ್ದನ್ನ ಕಾಯಿ ತರ ಬಡೀತೀಯ?"

"ಹಗುರ ಐತೆ ಭಾವ. ಸದ್ದು ಯಾಕೋ ಸರಿಯಿಲ್ಲ."

"ಸದ್ದು ಕೇಳೋಕೆ ಇದೇನು ಹಾರ್ಮೋನಿಯಮ್ಮಾ?"

ಊರಿಗೆ ಬಂದವನೇ ಅಂಗಡಿಯ ಹಿಂದಿನ ಮಾಳಿಗೆ ಹತ್ತಿದೆ. ಅಪ್ಪನ ಕಾಲದ ಕರೀ ಸೈಕಲ್ಲು ಅಲ್ಲಿ ಮೂಟೆಗಳ ಹಿಂದೆ ತುಕ್ಕು ತಿನ್ನುತ್ತಿತ್ತು. ಬಡಿದೆ. 'ಠಣ್' ಎಂದಿತು. ನಮ್ಮ ಅಜ್ಜಿ ಹಿತ್ತಾಳೆ ಕೊಳಗ ಕೊಳ್ಳುವಾಗ ಹೀಗೇ ಬಡಿದು, "ಇದು ಉತ್ರ ಕೊಡ್ತದೆ, ಇರ್ಲಿ" ಎನ್ನುತ್ತಿದ್ದರು. ಉಕ್ಕು ಉತ್ತರ ಕೊಟ್ಟಿತ್ತು. ಇನ್ನು ನಾನು ಪ್ರಶ್ನೆ ಕೇಳದೆ ಇರುವುದು ಹೇಗೆ?

ಆಮೇಲಿನ ಮೂರು ತಿಂಗಳು ನಾನು ಗಿರಾಕಿಗಳ ಕಣ್ಣಿಗೆ ಬಿದ್ದದ್ದಕ್ಕಿಂತ ಫೋನಿನೊಳಗೆ ಮುಳುಗಿದ್ದೇ ಹೆಚ್ಚು. ಎಲ್ಲೆಲ್ಲಿಯ ದೇಶಗಳಲ್ಲಿ, ನನ್ನಂಥ ನರೆತ ತಲೆಯವರು, ಇವತ್ತಿಗೂ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಕೂತು ಉಕ್ಕಿನ ಕೊಳವೆಗಳನ್ನು ಹಿತ್ತಾಳೆಯಲ್ಲಿ ಬೆಸೆದು ರೇಸ್ ಸೈಕಲ್ಲು ಕಟ್ಟುತ್ತಾರೆ. ಪೆನ್ಸಿಲಿನಲ್ಲಿ ಎಳೆದ ಗೆರೆಯಂಥ ಸಪೂರ ಬಾರುಗಳು. ಕೂತವನ ಕಾಲಿಗೆ, ಕೈಗೆ, ಸೊಂಟಕ್ಕೆ ಅಳತೆ ಹಿಡಿದು, ದರ್ಜಿ ಅಂಗಿ ಹೊಲಿದ ಹಾಗೆ ಹೊಲಿದದ್ದು. ಮುರಿದರೆ ಬೆಸೆಯಬಹುದು, ಬಾಗಿದರೆ ನೆಟ್ಟಗೆ ಮಾಡಬಹುದು, ಬಣ್ಣ ಬೇಜಾರಾದರೆ ಬೇರೆ ಬಳಿಯಬಹುದು. ಗುಂಡಿಗೆ ಬಿದ್ದರೆ ಕಬ್ಬಿಣದ ಮಂಚದ ಹಾಗೆ ಕುಕ್ಕುವುದಿಲ್ಲವಂತೆ, ಹಸಿ ಬಿದಿರಿನ ಹಾಗೆ ಒಂದು ಚೂರು ಬಾಗಿ ಮತ್ತೆ ಎದ್ದು ನಿಲ್ಲುತ್ತದಂತೆ. ಇವನ್ನೆಲ್ಲ ಊಟಕ್ಕೆ ಕೂತಾಗ ಹೆಂಡತಿಗೆ ಹೇಳುತ್ತಿದ್ದೆ. ಅವಳು ಮುದ್ದೆ ಮುರಿಯುತ್ತಾ ಕೇಳುತ್ತಿದ್ದಳು. ಒಂದು ದಿನ ಪಕ್ಕದ ಮನೆಯವಳಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: "ಎಲ್ರೂ ಗಂಡನ ಫೋನಲ್ಲಿ ಏನೇನ್ ಇರುತ್ತೋ ಅಂತ ಹೆದರ್ತಾರೆ ಕಣೇ. ನಮ್ಮನೆಯವರ ಫೋನಲ್ಲಿ ಬರೀ ಪೈಪು."

ಪೈಪುಗಳನ್ನು ತೋರಿಸಲು ಮೇಸ್ತ್ರಿಯ ಶೆಡ್ಡಿಗೆ ಹೋದೆ. ಅವರು ಯಾರದೋ ಹೊಸ ಮನೆಯ ಗೇಟಿಗೆ ನವಿಲು ಕೂರಿಸುತ್ತಿದ್ದರು. ಕನ್ನಡಕ ಮೇಲೆ ಸರಿಸಿ ವಿಡಿಯೋ ನೋಡಿದರು. ಮತ್ತೆ ಹಾಕಿ ಎಂದರು. ಮೂರನೇ ಸಲ ನೋಡಿದ ಮೇಲೆ ನವಿಲನ್ನು ಪಕ್ಕಕ್ಕಿಟ್ಟರು.

"ಇದು ನಾನ್ ಮಾಡ್ತಿದ್ದ ಕೆಲ್ಸ ಸಾವ್ಕಾರ್ರೆ."

ಕೇಳಿದರೆ, ಮೀಸೆ ಚಿಗುರುವ ವಯಸ್ಸಿನಲ್ಲಿ ಬಾಣಾವರದ ಸ್ಟೇಷನ್ನಿನ ಹತ್ತಿರ ಒಂದು ಸೈಕಲ್ ಶಾಪಿನಲ್ಲಿ ಕೆಲಸಕ್ಕಿದ್ದರಂತೆ. ಮೂಟೆ ಹೇರಿ ಹೇರಿ ಮುರಿದ ಫೋರ್ಕು, ಬಿರಿದ ಬಾರು, ಎಲ್ಲವನ್ನೂ ಹಿತ್ತಾಳೆಯಲ್ಲಿ ಬೆಸೆಯುತ್ತಿದ್ದರಂತೆ. ಆಮೇಲೆ ಊರಿಗೆಲ್ಲ ಬೈಕು ಬಂತು, ಸೈಕಲ್ಲು ಮಾಳಿಗೆ ಸೇರಿತು, ಇವರು ಗೇಟಿಗೆ ಬಂದರು. ಎದ್ದು ಹೋಗಿ ಬೀರುವಿನ ಹಿಂದಿನಿಂದ ಒಂದು ಡಬ್ಬಿ ತಂದರು. ಒಳಗೆ ಬಿಳಿಗಾರ, ಕಲ್ಲುಸಕ್ಕರೆಯ ಹಾಗೆ ಗಟ್ಟಿಯಾಗಿತ್ತು. ಬೆಸೆಯುವಾಗ ಕೊಳವೆಗೆ ಅದನ್ನು ಬಳಿದರೆ ತಾನೇ ಹಿತ್ತಾಳೆ ನೀರಿನ ಹಾಗೆ ಹರಿಯುವುದು. ಮೂವತ್ತು ವರ್ಷದಿಂದ ಮುಟ್ಟದ ಡಬ್ಬಿಯನ್ನು ಎಸೆಯದೆ ಇಟ್ಟುಕೊಂಡಿದ್ದಾರೆ ಎಂದ ಮೇಲೆ ನಾನು ಇನ್ನೇನು ಕೇಳುವುದಿತ್ತು?

ಮಾರನೇ ದಿನವೇ ಅಳತೆ. ಸೈಕಲ್ಲಿಗೆ ಮುಖ್ಯ ಕಾಲಿನ ಒಳ ಅಳತೆ. ನೆಲದಿಂದ ತೊಡೆಸಂದಿಯ ತನಕ ಎಷ್ಟು ಎಂದು ಬೇಕು. ವಿಡಿಯೋದಲ್ಲಿ ಕಾಲ ಸಂದಿಗೆ ಒಂದು ದಪ್ಪ ಪುಸ್ತಕ ಸಿಕ್ಕಿಸಿಕೊಂಡು ಗೋಡೆಗೆ ನಿಲ್ಲುತ್ತಾರೆ. ಮೇಸ್ತ್ರಿಗೆ ಪುಸ್ತಕದ ಮೇಲೆ ನಂಬಿಕೆ ಬರಲಿಲ್ಲ. ಗಾರೆಯವರು ಗೋಡೆ ಸಮ ನೋಡುವ ರಸಮಟ್ಟವನ್ನೇ ತಂದು ಕೊಟ್ಟರು. ನಾನು ಪಂಚೆ ಎತ್ತಿ ಕಟ್ಟಿ, ಅದನ್ನು ಕಾಲ ನಡುವೆ ಹಿಡಿದು, ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮೇಸ್ತ್ರಿ ನೆಲದ ಮೇಲೆ ಕೂತು ಗಾಜಿನೊಳಗಿನ ಗುಳ್ಳೆಯನ್ನೇ ನೋಡುತ್ತಿದ್ದರು.

"ಎಡಗಡೆ ಸ್ವಲ್ಪ ಏರ್ಸಿ. ಹಾ. ಉಸಿರು ಬಿಡ್ಬೇಡಿ, ಗುಳ್ಳೆ ಓಡ್ತೈತೆ."

ಆ ಹೊತ್ತಿಗೆ ಸರಿಯಾಗಿ ನವಿಲಿನ ಗೇಟು ಹೇಳಿದ್ದ ಮನೆಯ ಯಜಮಾನರು ಬಂದರು. ನನ್ನನ್ನು ನೋಡಿದರು, ರಸಮಟ್ಟ ನೋಡಿದರು. "ಆಮೇಲೆ ಬತ್ತೀನಿ ಬಿಡಿ" ಎಂದು ಹಾಗೇ ತಿರುಗಿ ಹೋದರು. ಅವರು ಇವತ್ತಿಗೂ ದಾರಿಯಲ್ಲಿ ಸಿಕ್ಕಾಗ ನನ್ನ ಕಾಲಿನ ಕಡೆ ನೋಡುವುದಿಲ್ಲ.

ಕೊಳವೆಗಳನ್ನು ಫೋನಿನಲ್ಲೇ ತರಿಸಿದೆ. ಉದ್ದನೆಯ ಪಾರ್ಸಲ್ ಬಂದಾಗ ಹೆಂಡತಿ ಸಂತೋಷದಿಂದ, "ಅಂತೂ ಕರ್ಟನ್ ರಾಡು ತರಿಸಿದ್ರಾ" ಎಂದಳು. ಬಿಚ್ಚಿದ ಮೇಲೆ ಆ ಸಂತೋಷ ಉಳಿಯಲಿಲ್ಲ. ಮೇಸ್ತ್ರಿ ಒಂದೊಂದೇ ಕೊಳವೆಯನ್ನು ದಾರದಲ್ಲಿ ತೂಗುಹಾಕಿ ಬೆರಳಲ್ಲಿ ಮೀಟಿದರು. ಶೆಡ್ಡಿನ ತುಂಬಾ ಗುಂಯ್ ಎಂಬ ನಾದ. ಕೊಳವೆಯ ಗೋಡೆ ಎಷ್ಟು ತೆಳುವೆಂದರೆ, "ಇದಕ್ಕೆ ಗೇಟಿನ ಕೈ ನಡೆಯಲ್ಲ, ಒಂದು ಕ್ಷಣ ಜಾಸ್ತಿ ಬೆಂಕಿ ಹಿಡಿದ್ರೆ ತೂತು" ಎಂದರು. ಮೊದಲು ಎರಡು ತುಂಡು ಕೊಳವೆ ಬೆಸೆದು, ಗರಗಸದಲ್ಲಿ ಕುಯ್ದು, ಹಿತ್ತಾಳೆ ಒಳಗಿನ ತನಕ ಹೋಗಿದೆಯೇ ಎಂದು ನೋಡಿದರು. ಹೋಗಿರಲಿಲ್ಲ. ಇನ್ನೊಂದು ಬೆಸೆದು ಕುಯ್ದರು. ಐದನೆಯದನ್ನು ಕುಯ್ದಾಗ ಸಂದಿನ ಸುತ್ತ ಚಿನ್ನದ ಉಂಗುರದ ಹಾಗೆ ಸಣ್ಣ ಗೆರೆ ಮಿಂಚಿತು. ನನ್ನ ಕೈಗೆ ಕೊಟ್ಟು ನೋಡಿ ಎಂದರು. ಅಷ್ಟೇ. ಅವತ್ತು ಟೀ ಅವರದು.

ಇನ್ನು ಬೆಸುಗೆಯ ಚೆಂದವನ್ನು ಹೇಗೆ ಹೇಳಲಿ. ಎರಡು ಕೊಳವೆ ಸೇರುವ ಮೂಲೆಗೆ ಒಂದು ಉಕ್ಕಿನ ತೋಳು ತೊಡಿಸಿ, ಬಿಳಿಗಾರ ಬಳಿದು, ಬೆಂಕಿಯನ್ನು ಬೀಸಣಿಗೆಯ ಹಾಗೆ ಆಡಿಸುತ್ತಾರೆ. ಉಕ್ಕು ಮೊದಲು ಕಂದು, ಆಮೇಲೆ ನೀಲಿ, ಆಮೇಲೆ ಮುತ್ತುಗದ ಹೂವಿನ ಕೆಂಪು. ಆಗ ಹಿತ್ತಾಳೆ ಕಡ್ಡಿ ಮುಟ್ಟಿಸಿದರೆ ಅದು ಕರಗಿ, ಎಲ್ಲಿ ಬಿಸಿ ಇದೆಯೋ ಅಲ್ಲಿಗೆ ತಾನೇ ಓಡುತ್ತದೆ. ಮೇಲಕ್ಕೂ ಓಡುತ್ತದೆ. ನೀರು ಮೇಲಕ್ಕೆ ಹರಿಯುವುದನ್ನು ನಾನು ನೋಡಿಲ್ಲ, ಹಿತ್ತಾಳೆ ಹರಿಯುವುದನ್ನು ನೋಡಿದೆ. ಪ್ರತಿ ಸಲವೂ ನನ್ನ ಬಾಯಿ ತೆರೆದುಕೊಳ್ಳುತ್ತಿತ್ತು. ಮೇಸ್ತ್ರಿ ತಲೆ ಎತ್ತದೆ, "ಹೊಗೆ ಒಳಗೋಗ್ತೈತೆ, ಬಾಯಿ ಮುಚ್ಕಳಿ" ಎನ್ನುತ್ತಿದ್ದರು. ಅಡುಗೆಮನೆಗೆ ಹಾಸಿ ಮಿಕ್ಕ ಗ್ರಾನೈಟ್ ಕಲ್ಲಿನ ಮೇಲೆ ಫ್ರೇಮು ಮಲಗಿಸಿ, ತಲೆಯಿಂದ ಬಾಲಕ್ಕೆ ದಾರ ಎಳೆದು, ಎರಡೂ ಕಡೆ ಸಮ ಇದೆಯೇ ಎಂದು ನೋಡುತ್ತಿದ್ದರು. ಒಂದು ನೂಲು ಹೆಚ್ಚುಕಮ್ಮಿಯಾದರೂ ಅವತ್ತು ಮಧ್ಯಾಹ್ನ ಅವರಿಗೆ ಊಟ ಸೇರುತ್ತಿರಲಿಲ್ಲ.

ಚಕ್ರ, ಚೈನು, ಬ್ರೇಕು ಎಲ್ಲ ಜೋಡಿಸಿ ಮುಗಿಯುವ ಹೊತ್ತಿಗೆ ಧನುರ್ಮಾಸ ಬಂದಿತ್ತು. ಹೊರಡುವ ಹಿಂದಿನ ಸಂಜೆ ಮೇಸ್ತ್ರಿ ಸೈಕಲ್ಲನ್ನು ಅಂಗಡಿಗೆ ತಂದು ಒಪ್ಪಿಸಿ ಹೋದರು. "ಗ್ರೀಸು ಗೀಸು ಎಲ್ಲ ಆಗೈತೆ, ನೀವು ಏನೂ ಮುಟ್ಬೇಡಿ" ಎಂದೂ ಹೇಳಿದರು.

ನಾನು ಮುಟ್ಟಿದೆ.

ಮುಟ್ಟದೆ ಹೇಗಿರಲಿ? ಹಿಂದಿನ ಚಕ್ರದ ನಡುವೆ ಇರುವ ಫ್ರೀವೀಲನ್ನು ತಿರುಗಿಸಿ ನೋಡಿದರೆ ಕಪ್ಪಗೆ, ಅಂಟಂಟಾಗಿ, ಸೀಮೆ ಗ್ರೀಸು. ನಮ್ಮ ಮನೆಯಲ್ಲಿ ತಾತನ ಕಾಲದಿಂದ ಬಾಗಿಲ ಕೀಲಿಗೆ ಕೊಬ್ಬರಿ ಎಣ್ಣೆ, ತೊಟ್ಟಿಲ ಕೊಂಡಿಗೆ ಕೊಬ್ಬರಿ ಎಣ್ಣೆ, ಹೊಲಿಗೆ ಮಿಷನ್ನಿಗೆ, ತಲೆಗೆ, ಕಾಲು ಉಳುಕಿದರೆ ಕಾಲಿಗೆ, ಎಲ್ಲಕ್ಕೂ ಅದೇ. ಮಾಳಿಗೆಯ ತುಂಬಾ ಕೊಬ್ಬರಿ ಇಟ್ಟುಕೊಂಡವನು ಸೈಕಲ್ಲಿಗೆ ಪರರ ಗ್ರೀಸು ಮೆತ್ತಿಸಿಕೊಂಡು ಬೇಲೂರಿಗೆ ಹೋಗುವುದೆಂದರೆ ಮನೆದೇವರಿಗೆ ಪಕ್ಕದ ಮನೆಯಿಂದ ಹೂ ತಂದಂತೆ. ಸೀಮೆಎಣ್ಣೆಯಲ್ಲಿ ಗ್ರೀಸನ್ನೆಲ್ಲ ತೊಳೆದೆ. ಬಚ್ಚಲುಮನೆಯ ಬಾಟಲಿ ತಂದು ಫ್ರೀವೀಲಿನೊಳಗೆ ಧಾರಾಳವಾಗಿ ಸುರಿದೆ. ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ. ಒಳಗಿನ ಪುಟ್ಟ ಉಕ್ಕಿನ ನಾಲಿಗೆಗಳು 'ಟಿಕಟಿಕಟಿಕ' ಎಂದು ಹಾಡಿದವು. ಸೈಕಲ್ಲನ್ನು ಕೊಬ್ಬರಿ ಮೂಟೆಗಳ ನಡುವೆ, ಬೆಚ್ಚಗೆ, ನಿಲ್ಲಿಸಿ ಮನೆಗೆ ಹೋದೆ.

ಹಾಗೆ ಹೊರಟ ಸವಾರಿ ಅದು. ಊರು ದಾಟಿ ಮೊದಲ ಏರು ಹತ್ತಿದಾಗಲೇ ನನಗೆ ಅರ್ಧ ಹುಚ್ಚು ಹಿಡಿದಿತ್ತು. ತುಳಿದರೆ ತುಳಿದಷ್ಟೂ ಸೈಕಲ್ಲು ಮುಂದಕ್ಕೆ ಚಿಮ್ಮುತ್ತಿತ್ತು. ರಸ್ತೆಯ ಸಣ್ಣ ಕಲ್ಲು ಕೂಡ ಉಕ್ಕಿನ ಮೂಲಕ ಅಂಗೈಗೆ ಬಂದು ಯೋಗಕ್ಷೇಮ ಹೇಳಿ ಹೋಗುತ್ತಿತ್ತು. ಎರಡೂ ಕಡೆ ತೆಂಗಿನ ತೋಟ, ಕೊಯ್ದ ರಾಗಿ ಹೊಲ, ಮಂಜು. ಮೂಗಿನಲ್ಲಿ ನೀರು, ಕಣ್ಣಲ್ಲಿ ನೀರು, ಬಾಯಲ್ಲಿ ಮಾತ್ರ ನಗು. ಎದುರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದವನೊಬ್ಬ, "ಏನ್ಲಾ ಇದು, ಬಿದ್ದೋಗಿರೋನ ತರ ಬಗ್ಗಿ ಬತ್ತಾವ್ನೆ" ಎಂದು ಹಿಂದೆ ಕೂತವನಿಗೆ ಹೇಳಿದ್ದೂ ಕೇಳಿಸಿತು. ಅವನಿಗೂ ಕೈ ಬೀಸಿದೆ. ಜಾವಗಲ್ಲು ಯಾವಾಗ ಬಂತೋ ಯಾವಾಗ ಹೋಯಿತೋ.

ಜಾವಗಲ್ಲು ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಉದ್ದ ಇಳಿಜಾರು. ತುಳಿಯುವುದನ್ನು ಬಿಟ್ಟು, ಹ್ಯಾಂಡಲಿನ ಮೇಲೆ ಮಲಗಿ, ಜಾರಲು ಬಿಟ್ಟೆ. ಚಳಿ ಕೊಯ್ಯುತ್ತಿತ್ತು. ಫ್ರೀವೀಲಿನ ಟಿಕಟಿಕ ಮೊದಲು ಜೋರಾಗಿತ್ತು. ನಿಧಾನಕ್ಕೆ ಮೆತ್ತಗಾಯಿತು. ಆಮೇಲೆ ಇಲ್ಲವೇ ಇಲ್ಲ. ಸದ್ದೇ ಇಲ್ಲದೆ ಗರುಡನ ಹಾಗೆ ಇಳಿಯುತ್ತಿದ್ದೇನೆ. ಆಹಾ, ಮೇಸ್ತ್ರಿಯ ಕೈಗೆ ನನ್ನ ಎಣ್ಣೆಯೂ ಸೇರಿ ಎಂಥ ಪರಿಪೂರ್ಣತೆ ಬಂತಲ್ಲ ಎಂದು ಕಣ್ಣು ತುಂಬಿ ಬಂತು.

ಇಳಿಜಾರು ಮುಗಿಯಿತು. ಪೆಡಲು ತುಳಿದೆ. ಕಾಲು ಗಿರ್ರನೆ ತಿರುಗಿತು, ಚೈನೂ ತಿರುಗಿತು, ಚಕ್ರಕ್ಕೆ ಸುದ್ದಿಯೇ ಇಲ್ಲ. ಇನ್ನೂ ಜೋರಾಗಿ ತುಳಿದೆ. ಗಾಳಿಯಲ್ಲಿ ರಾಟೆ ತಿರುಗಿಸಿದ ಹಾಗೆ. ಸೈಕಲ್ಲು ಮೆಲ್ಲಗೆ, ಬಹಳ ಗಂಭೀರವಾಗಿ, ಒಂದು ರಾಗಿ ಬಣವೆಯ ಪಕ್ಕ ನಿಂತಿತು. ನಾನು ಅದರ ಮೇಲೆ ಕೂತೇ ತುಳಿಯುತ್ತಿದ್ದೆ. ಆಮೇಲೆ ಇಬ್ಬರೂ ಒಂದೇ ಕಡೆಗೆ ವಾಲಿದೆವು.

ಬಣವೆಯ ಆಚೆ ಒಂದು ಮನೆ. ಅಂಗಳ ಗುಡಿಸುತ್ತಿದ್ದ ಅಜ್ಜಿ ಪೊರಕೆ ಹಿಡಿದೇ ಬಂದು ನೋಡಿದರು.

"ಏನಪ್ಪ, ನಿಂತ ಕಡೆನೇ ತುಳೀತಿದ್ದೆ?"

ಉತ್ತರ ಹೇಳಬೇಕು, ಅಷ್ಟರಲ್ಲಿ ಹಿಂದಿನಿಂದ ಮೊಪೆಡ್ಡಿನ ಸದ್ದು. ಮೇಸ್ತ್ರಿ. ತಾವು ಬರುವುದಿಲ್ಲ ಎಂದಿದ್ದವರು ಅರಸೀಕೆರೆಯಲ್ಲಿ ಕೂರಲಾರದೆ, ಕಣ್ಣಿಗೆ ಬೀಳದಷ್ಟು ದೂರದಲ್ಲಿ ಹಿಂದೆಯೇ ಬಂದಿದ್ದರು. ಇಳಿದವರು ನನ್ನನ್ನು ಎಬ್ಬಿಸಲೂ ಇಲ್ಲ. ನೇರ ಸೈಕಲ್ಲಿನ ಹತ್ತಿರ ಹೋಗಿ, ಮಂಡಿಯೂರಿ, ಫ್ರೇಮಿನ ಒಂದೊಂದು ಸಂದಿನ ಸುತ್ತಲೂ ಉಗುರು ಓಡಿಸಿದರು. ತಲೆಯ ಹತ್ತಿರ, ಸೀಟಿನ ಕೆಳಗೆ, ಪೆಡಲಿನ ಹತ್ತಿರ, ಹಿಂದಿನ ಚಕ್ರದ ಎರಡೂ ಕಡೆ. ಆ ಚಳಿಯಲ್ಲೂ ಅವರ ಹಣೆಯಲ್ಲಿ ಬೆವರು. ಎಲ್ಲ ಮುಟ್ಟಿ ಆದ ಮೇಲೆ ಒಂದು ಉಸಿರು ಬಿಟ್ಟರು.

"ಫ್ರೇಮು ಸರಿಯಾಗೈತೆ."

"ಮತ್ತೆ ಏನಾಯ್ತು ಮೇಸ್ತ್ರಿ?"

ಅವರು ಪೆಡಲು ತಿರುಗಿಸಿದರು, ಫ್ರೀವೀಲಿಗೆ ಕಿವಿ ಕೊಟ್ಟರು. ಆಮೇಲೆ ಮೂಗು ಕೊಟ್ಟರು. ನಿಧಾನವಾಗಿ ನನ್ನ ಕಡೆ ತಿರುಗಿದರು.

"ಸಾವ್ಕಾರ್ರೆ, ಇದಕ್ಕೆ ಏನ್ ಹಾಕಿದ್ರಿ?"

ನಾನು ರಾಗಿ ಬಣವೆ ನೋಡಿದೆ.

"ಕೊಬ್ರಿ ಎಣ್ಣೆ ಹಾಕಿದ್ರಾ?"

"ಸ್ವಲ್ಪ."

"ಚಳೀಗೆ ಹೆಪ್ಪುಗಟ್ಟೈತೆ. ಒಳಗಿನ ನಾಲಿಗೆ ಮ್ಯಾಲೆ ಏಳ್ತಾನೇ ಇಲ್ಲ. ಅವು ಎದ್ದು ಹಲ್ಲು ಹಿಡಿದ್ರೆ ತಾನೇ ಚಕ್ರ ತಿರುಗೋದು?"

ಮೂರು ತಲೆಮಾರಿನಿಂದ ಕೊಬ್ಬರಿಯಲ್ಲೇ ಅನ್ನ ತಿಂದವನು ನಾನು. ಧನುರ್ಮಾಸದಲ್ಲಿ ಕೊಬ್ಬರಿ ಎಣ್ಣೆ ಗಡ್ಡೆ ಕಟ್ಟುತ್ತದೆ ಎನ್ನುವುದು ನಮ್ಮ ಮನೆಯ ಬೆಕ್ಕಿಗೂ ಗೊತ್ತು. ಆ ಬಾಟಲಿ ಕೂಡ ಹಿಂದಿನ ಮಧ್ಯಾಹ್ನವೆಲ್ಲ ಬಚ್ಚಲ ಕಿಟಕಿಯ ಬಿಸಿಲಿನಲ್ಲಿ ಕೂತು ಕರಗಿದ್ದದ್ದೇ.

ಅಜ್ಜಿಗೆ ವಿಷಯ ಅರ್ಥವಾಗಲು ನನಗಿಂತ ಕಡಿಮೆ ಹೊತ್ತು ಸಾಕಾಯಿತು. "ಹಂಡೇಲಿ ನೀರು ಕಾದೈತೆ, ತಗಳಿ" ಎಂದರು. ತೆಂಗಿನ ಮಟ್ಟೆಯ ಉರಿಯಲ್ಲಿ ಹೊಗೆಯಾಡುತ್ತಿದ್ದ ಹಂಡೆಯಿಂದ ಚೊಂಬು ಚೊಂಬು ಬಿಸಿನೀರು ತಂದು ಮೇಸ್ತ್ರಿ ಚಕ್ರದ ನಡುವಿಗೆ ಹುಯ್ದರು. ನಾನು ಪೆಡಲು ತಿರುಗಿಸುತ್ತಾ ಕೂತೆ. ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಎಣ್ಣೆ ಹಚ್ಚಿ, ಬಿಸ್ನೀರು ಹುಯ್ದು. ಅಭ್ಯಂಜನ ಮಾಡಿಸ್ದಂಗಾಯ್ತಲ್ಲಪ್ಪ. ಸೀಗೆಪುಡಿನೂ ತರ್ಲಾ?"

ನಾಲ್ಕನೇ ಚೊಂಬಿಗೆ 'ಟಿಕ್' ಎಂದಿತು. ಐದನೆಯದಕ್ಕೆ 'ಟಿಕಟಿಕಟಿಕ'. ಮೇಸ್ತ್ರಿ ತಮ್ಮ ಚೀಲದಿಂದ ಯಾವುದೋ ತೆಳು ಎಣ್ಣೆ ತೆಗೆದು ಬಿಟ್ಟರು. ಅಜ್ಜಿ ನನಗೆ ಒಂದು ಲೋಟ ಕಾಫಿ ಕೊಟ್ಟರು, ಮೇಸ್ತ್ರಿಗೆ ಎರಡು. ಅಲ್ಲಿಂದ ಮುಂದೆ ಬಿಸಿಲು ಬಂತು. ಹಳೇಬೀಡಿನ ಕೆರೆಯ ಮೇಲಿನ ಮಂಜು ಹರಿದು, ನೀರು ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ಶಾಲೆಯ ಮಕ್ಕಳ ಟೂರಿನ ಬಸ್ಸೊಂದು ನಿಂತಿತ್ತು; ಇಡೀ ಬಸ್ಸು ನನ್ನ ಚಡ್ಡಿಗೆ ಚಪ್ಪಾಳೆ ತಟ್ಟಿತು. ನಾನೋ ಹೆಪ್ಪುಗಟ್ಟಿದ ನಾಚಿಕೆಯೂ ಕರಗಿ, ಮತ್ತೆ ಗರುಡನಾಗಿದ್ದೆ. ಹಿಂದೆ ಮೊಪೆಡ್ಡು ಬರುತ್ತಿತ್ತು. ಈಗ ಅಡಗಿಕೊಳ್ಳುವ ಅಗತ್ಯ ಅದಕ್ಕೂ ಇರಲಿಲ್ಲ.

ಬೇಲೂರಿನಲ್ಲಿ ಭಾವ ಗೇಟಿನಲ್ಲೇ ನಿಂತಿದ್ದರು.

"ಬಂದ್ಯೇನಯ್ಯ. ಸೈಕಲ್ಲು ಪೂರ್ತಿ ಬಂತಾ, ಅರ್ಧ ಹಳೇಬೀಡಲ್ಲೇ ಬಿಟ್ಯಾ?"

ಅಂಗಳದಲ್ಲಿ ಚಾಪೆ ಹಾಸಿ ಸೈಕಲ್ಲು ಮಲಗಿಸಿಕೊಂಡರು. ಭೂತಗನ್ನಡಿ ಹಿಡಿದು ಒಂದೊಂದು ಸಂದನ್ನೂ, ಚಿನ್ನದಂಗಡಿಯವನು ಒತ್ತೆ ಸರ ನೋಡುವ ಹಾಗೆ ನೋಡಿದರು. ಅಕ್ಕ ಜಗಲಿಯಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ಮೇಸ್ತ್ರಿ ತೆಂಗಿನ ಗಿಡದ ಪಕ್ಕ ಕೈ ಕಟ್ಟಿ ನಿಂತಿದ್ದರು. ಭಾವನ ಮುಖದಲ್ಲಿ ನಿಧಾನವಾಗಿ ಒಂದು ಮೆಚ್ಚುಗೆ ಏಳುತ್ತಿದ್ದದ್ದು ನಮಗೆಲ್ಲ ಕಾಣುತ್ತಿತ್ತು.

"ಕೆಲ್ಸ ಚೆನ್ನಾಗಿದೆ ಕಣ್ರೀ" ಎಂದರು. ಮೇಸ್ತ್ರಿಯ ಕಟ್ಟಿದ ಕೈ ಬಿಚ್ಚಿತು. "ದಾರೀಲಿ ಎಲ್ಲಾದ್ರೂ ಕೈ ಕೊಡ್ತಾ?"

ನಾನು ಮಫ್ಲರು ಬಿಚ್ಚತೊಡಗಿದೆ. ಉತ್ತರ ಬಂದದ್ದು ಗಿಡದ ಪಕ್ಕದಿಂದ.

"ಒಂದ್ಕಡೆ ನಿಂತಿತ್ತು ಸ್ವಾಮಿ. ಹಿಂದಿನ ಚಕ್ರದಾಗೆ. ನನ್ನ ಕೈತಪ್ಪು."

ನಾನು ತಿರುಗಿ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಬೀಗರ ಮನೆಯ ಅಂಗಳದಲ್ಲಿ ಗಿರಾಕಿಯ ಮಾನ ತೆಗೆಯಬಾರದು ಎನ್ನುವುದು ಅವರ ಕಸುಬಿನವರ ನಡವಳಿಕೆ. ಗೇಟು ಮಾಡಿಸಿದವನು ತಾನೇ ಲಾರಿ ಗುದ್ದಿಸಿ ಬಗ್ಗಿಸಿದರೂ, ಬಂದವರ ಮುಂದೆ ಮೇಸ್ತ್ರಿ "ಕಬ್ಬಿಣ ಸ್ವಲ್ಪ ಮೆತ್ತಗಿತ್ತು" ಎಂದೇ ಹೇಳುವುದು.

ಭಾವ ಭೂತಗನ್ನಡಿ ಮಡಿಸಿ ಜೇಬಿಗಿಟ್ಟರು. "ಹಾಗಾದ್ರೆ ಕಷ್ಟ. ನಡು ದಾರೀಲಿ ನಿಂತೋಗೋದಾದ್ರೆ ನೋಡೋಕೆ ಚೆಂದ ಇದ್ದು ಏನು ಬಂತು? ಬೇಜಾರು ಮಾಡ್ಕೋಬೇಡಿ."

"ಅಯ್ಯೋ, ಬೇಜಾರೇನು" ಎಂದರು ಮೇಸ್ತ್ರಿ. ಜೇಬಿ‌ನಿಂದ ಬಟ್ಟೆ ತೆಗೆದು, ಸ್ವಚ್ಛವಾಗಿಯೇ ಇದ್ದ ಕೈ ಒರೆಸಿಕೊಳ್ಳಲು ಶುರು ಮಾಡಿದರು.

ಅದನ್ನು ನೋಡಲಾಗಲಿಲ್ಲ. "ಭಾವ, ಕೈತಪ್ಪು ನಂದು" ಎಂದೆ. "ಅವರು ಹಾಕಿದ್ದ ಗ್ರೀಸು ತೊಳೆದು ನಾನೇ ಕೊಬ್ಬರಿ ಎಣ್ಣೆ ಸುರಿದಿದ್ದೆ. ಚಳಿಗೆ ಹೆಪ್ಪುಗಟ್ಟಿ ನಿಂತೋಯ್ತು. ಒಬ್ರು ಅಜ್ಜಿ ಹಂಡೆ ನೀರು ಹುಯ್ಸಿದ್ರು."

ಜಗಲಿಯಿಂದ ಅವರೆಕಾಳಿನ ಪಾತ್ರೆ ಉರುಳಿದ ಸದ್ದು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕಕ್ಕೆ ವಾಲಿದ್ದಳು. "ಕೊಬ್ಬರಿ ಅಂಗಡೀಲಿ ಹುಟ್ಟಿ," ಎಂದಳು, ಮುಂದೆ ಹೇಳಲಾಗಲಿಲ್ಲ. ಭಾವ ಕಾಳು ಆರಿಸಲು ಬಗ್ಗಿದವರು ಅಲ್ಲೇ ನೆಲದ ಮೇಲೆ ಕೂತರು. ಮೇಸ್ತ್ರಿ ಮೊದಲು ನನ್ನ ಮುಖ ನೋಡಿದರು, ನಾನೂ ನಗುತ್ತಿದ್ದೇನೆ ಎಂದು ಖಾತ್ರಿಯಾದ ಮೇಲೆ ತಾವೂ ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅವತ್ತೇ.

ನಗು ಇಳಿದ ಮೇಲೆ ಭಾವ ತಲೆ ಕೆರೆದುಕೊಂಡರು. "ಫ್ರೇಮಿನ ತಪ್ಪಿಲ್ಲ, ಒಪ್ಪಿದೆ. ಆದ್ರೂ ನನಗೆ ಎರಡೆರಡು ಸೈಕಲ್ಲು ಯಾತಕ್ಕೆ ಅಂತ."

"ನಿಮಗೆ ಬೇಡದಿದ್ರೆ ಬೇಡ" ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ. "ಮಾತು ಕೊಟ್ಟಾಗಿದೆ. ನನಗೆ ಕಟ್ಟಿಕೊಡ್ಲಿ."

"ನಿಂಗಾ?"

"ಯಾಕೆ? ಇವನಿಗೆ ಒಳಪೆಡ್ಲು ತುಳಿಯೋದು ಕಲಿಸಿದ್ದು ಯಾರು ಅನ್ಕೊಂಡ್ರಿ? ಕೇಳಿ ಬೇಕಾದ್ರೆ. ಏನೋ, ಹೇಳೋ."

ನಿಜ. ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಲಂಗ ಎತ್ತಿ ಕಟ್ಟಿ ಅವಳು ಓಡಿಸುತ್ತಿದ್ದರೆ ನಾನು ಹಿಂದೆ ಓಡುತ್ತಿದ್ದೆ. ಅದನ್ನೇ ಹೇಳಿದೆ. ಭಾವ ತಮ್ಮ ಹೆಂಡತಿಯನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಮೇಸ್ತ್ರಿ ಅಳತೆಗೆ ಅಕ್ಕನನ್ನು ಗೋಡೆಗೆ ನಿಲ್ಲಿಸಲಿಲ್ಲ. ಅವಳದೊಂದು ಚೂಡಿದಾರ್ ಪ್ಯಾಂಟು ತರಿಸಿ, ಅದರ ಒಳಹೊಲಿಗೆಗೆ ಟೇಪು ಹಿಡಿದು, ಬೀಡಿ ಕಟ್ಟಿನ ಹಿಂದೆ ಬರೆದುಕೊಂಡರು. ಬಣ್ಣ ಯಾವುದು ಎಂದು ಕೇಳಿದ್ದಕ್ಕೆ ಅಕ್ಕ, "ಕೆಂಪು. ದೂರದಿಂದ ಕಾಣಬೇಕು" ಎಂದಳು.

ಅದು ಮುಗಿಯುವ ಹೊತ್ತಿಗೆ ಯುಗಾದಿ ಕಳೆದಿತ್ತು. ಲಗೇಜ್ ಆಟೋದಲ್ಲಿ ಕಳಿಸೋಣ ಎಂದೆ. ಮೇಸ್ತ್ರಿ ಬೇಡ ಎಂದರು. ಸೀಟನ್ನು ತಮ್ಮ ಕಾಲಿಗೆ ಎತ್ತರಿಸಿ, ಪ್ಯಾಂಟಿನ ಅಂಚು ಕಾಲುಚೀಲದೊಳಗೆ ಸಿಕ್ಕಿಸಿ, ಒಂದು ಭಾನುವಾರ ಬೆಳಗ್ಗೆ ತಾವೇ ತುಳಿದುಕೊಂಡು ಬೇಲೂರಿಗೆ ಹೋದರು. ಅವರು ಇಳಿದು ಸೀಟು ತಗ್ಗಿಸಿ ಕೊಟ್ಟ ಕೂಡಲೇ ಅಕ್ಕ ಹತ್ತಿ ಹೊರಟಳಂತೆ. ಊಟದ ಹೊತ್ತಿಗೂ ಬರಲಿಲ್ಲ. ಭಾವನೇ ಮೇಸ್ತ್ರಿಗೆ ಎಲೆ ಹಾಕಿ ಬಡಿಸಿದರು. ಅವರು ಉಂಡು, ಅಕ್ಕ ವಾಪಸ್ಸು ಬರುವ ತನಕ ಗೇಟಿನ ಹತ್ತಿರ ಕಾದಿದ್ದು, ಸಂಜೆಯ ಬಸ್ಸು ಹತ್ತಿ ಅರಸೀಕೆರೆಗೆ ಬಂದರು.